ಪಿತ್ತದ ಮಾತ್ರೆ ಅಂದ್ರೆ ಯಾವ ಪಿತ್ತಕ್ಕೆ?

ಹೋದ ತಿಂಗಳು ಶಿರಸಿ ಹತ್ರ ಅತ್ತೆ ಮನೆಗೆ ಹೋಗಿದ್ದೆ. ಅಡುಗೆಮನೆ ಕಿಟಕಿ ಕಟ್ಟೆ ಮೇಲೆ ಅಪ್ಪೆಮಿಡಿ ಭರಣಿ ಪಕ್ಕ ಒಂದು ದೊಡ್ಡ ಬಿಳಿ ಪ್ಲಾಸ್ಟಿಕ್ ಡಬ್ಬಿ ಇತ್ತು, ಬೆಂಗಳೂರಲ್ಲಿರೋ ಮಗ ಆನ್‌ಲೈನಲ್ಲಿ ತರಿಸಿ ಕಳಿಸಿದ್ದಂತೆ. ಅತ್ತೆಗೆ ಒಂದು ವರ್ಷದಿಂದ ಊಟ ಆದ್ಮೇಲೆ ಹೊಟ್ಟೆ ಉಬ್ಬರ, ಹುಳಿತೇಗು, ಆಗಾಗ ರಾತ್ರಿ ಬಲಪಕ್ಕೆ ಕೆಳಗೆ ಹಿಡ್ಕೊಂಡಂಗೆ ಆಗೋದು. ಫೋನಲ್ಲಿ ಮಗನ ಹತ್ರ "ಪಿತ್ತ ಜಾಸ್ತಿ ಆಯ್ದು" ಅಂದಿದ್ದಾರೆ, ಅವನು ನೆಟ್ಟಲ್ಲಿ ಪಿತ್ತಕ್ಕೆ ಇಂಗ್ಲಿಷಲ್ಲಿ ಏನು ಅಂತ ನೋಡಿ, ಬೈಲ್ ಅಂತ ಬರೆದಿರೋ ಡಬ್ಬಿ ಆರ್ಡರ್ ಮಾಡಿದ್ದಾನೆ. "ತಮಾ, ಇದು ಎಂತದು ನೋಡಾ, ಎರಡು ತಿಂಗ್ಳಾತು, ಎಂತ ಫರಕೂ ಕಾಣ್ತಿಲ್ಲೆ" ಅಂತ ಡಬ್ಬಿ ನನ್ನ ಕೈಗೆ ಕೊಟ್ರು. ಕನ್ನಡಕ ಹಾಕ್ಕೊಂಡು ಹಿಂದಿನ ಸಣ್ಣ ಅಕ್ಷರ ಓದಿದೆ. ಆಕ್ಸ್ ಬೈಲ್, 500 ಮಿಲಿಗ್ರಾಂ. ಎತ್ತಿನ ಪಿತ್ತ! ಬೆಳಗ್ಗೆ ದನಕ್ಕೆ ಅಕ್ಕಚ್ಚು ಕೊಟ್ಟ ಮೇಲೇ ತಾವು ಕಾಫಿ ಕುಡಿಯೋ ಹೆಂಗಸಿಗೆ ಇದನ್ನ ಯಾವ ಬಾಯಲ್ಲಿ ಹೇಳೋದು ಅಂತ ಒಂದು ನಿಮಿಷ ಸುಮ್ನೆ ಕೂತೆ.

ನಾನು ಡಾಕ್ಟರ್ ಅಲ್ಲ. ಕಾರವಾರದಲ್ಲಿ ಔಷಧಿ ಅಂಗಡಿ ಇಟ್ಕೊಂಡಿದೀನಿ, ಕೌಂಟರ್ ಹಿಂದೆ ನಿಂತು ವರ್ಷಗಟ್ಟಲೆ ಚೀಟಿ ಓದಿದ್ದೇ ನನ್ನ ವಿದ್ಯೆ. ಈಗ ಎರಡು ಮೂರು ವರ್ಷದಿಂದ ಈ ಬೈಲ್ ಮಾತ್ರೆ ಕೇಳ್ಕೊಂಡು ಬರೋರು ಜಾಸ್ತಿ ಆಗಿದಾರೆ, ಮೊಬೈಲಲ್ಲಿ ಸ್ಕ್ರೀನ್‌ಶಾಟ್ ತೋರ್ಸಿ "ಇದು ಸಿಗತ್ತಾ" ಅಂತಾರೆ. ಅದಕ್ಕೇ ಇದನ್ನ ಬರೀತಿರೋದು.

ಮೊದಲ ಎಡವಟ್ಟು ಔಷಧಿಯಲ್ಲಿಲ್ಲ, ನಮ್ಮ ಶಬ್ದದಲ್ಲಿದೆ. ಪಿತ್ತ ಅನ್ನೋ ಒಂದು ಶಬ್ದಕ್ಕೆ ನಾವು ಎಷ್ಟು ಕೆಲಸ ಕೊಟ್ಟಿದೀವಿ ನೋಡಿ, ದೇವಿಮನೆ ಘಾಟಿ ಇಳಿವಾಗ ಬಸ್ಸಲ್ಲಿ ವಾಂತಿ ಬಂದ್ರೆ ಪಿತ್ತ, ಎದೆಯುರಿ ಪಿತ್ತ, ತಲೆ ಸುತ್ತಿದ್ರೆ ಪಿತ್ತ, ಮೈಮೇಲೆ ಗಂದೆ ಎದ್ರೆ ಪಿತ್ತಗಂದೆ, ಕೂದಲು ಬೇಗ ಬೆಳ್ಳಗಾದ್ರೂ ಪಿತ್ತ, ಮನೇಲಿ ಜಗಳ ಆದ್ರೆ ಪಿತ್ತ ನೆತ್ತಿಗೇರಿದ್ದು. ಇದಕ್ಕೆಲ್ಲ ಮುರುಗಲ ಹಣ್ಣಿನ ಶರಬತ್ತು, ಹೇರಳೆಕಾಯಿ ಗೊಜ್ಜು, ಒಂದೆಲಗದ ತಂಬುಳಿ ಇದ್ದೇ ಇದೆ, ಕುಡಿದ್ರೆ ತಂಪೂ ಅನ್ಸತ್ತೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಡಬ್ಬಿ ಮೇಲಿರೋ ಬೈಲ್ ಈ ಪಿತ್ತ ಅಲ್ಲ. ಎದೆಯುರಿ, ಹುಳಿತೇಗು ಇದೆಲ್ಲ ಬಹುಪಾಲು ಹೊಟ್ಟೆಯೊಳಗಿನ ಆಸಿಡ್ಡಿನ ಕೆಲಸ. ಬೈಲ್ ಅಂದ್ರೆ ಲಿವರ್ ತಯಾರು ಮಾಡೋ ಒಂದು ಹಸಿರು-ಹಳದಿ ಕಹಿ ನೀರು. ಕೋಳಿ ಕೊಯ್ದು ಗೊತ್ತಿದ್ದವರಿಗೆ, ಮೀನು ಮಾರ್ಕೆಟ್ಟಲ್ಲಿ ನಿಂತು ಮೀನು ಕೊಯ್ಸಿಕೊಂಡವರಿಗೆ ಇದನ್ನ ಹೇಳೋದೇ ಬೇಡ, ಆ ಸಣ್ಣ ಹಸಿರು ಚೀಲ ಒಡೀದಂಗೆ ತೆಗೀಬೇಕು, ಒಡೆದ್ರೆ ಸಾರೆಲ್ಲ ಕಹಿ. ಮನುಷ್ಯರಲ್ಲೂ ಅದೇ ಚೀಲ, ಗಾಲ್‌ಬ್ಲಾಡರ್, ಪಿತ್ತಕೋಶ ಅಂತೀವಿ, ಲಿವರ್ ಕೆಳಗೆ ಅಂಟ್ಕೊಂಡಿರತ್ತೆ, ಹಿಡಿಯೋದು 30ರಿಂದ 50 ಮಿಲಿ ಅಷ್ಟೇ, ಅಂದ್ರೆ ಅರ್ಧ ಲೋಟ ಚಹಾಕ್ಕಿಂತ ಕಮ್ಮಿ.

ಲಿವರ್ ದಿನಕ್ಕೆ ಮುಕ್ಕಾಲು ಲೀಟರ್ ಆಸುಪಾಸು ಈ ನೀರನ್ನ ಮಾಡತ್ತೆ. ನಾವು ಊಟ ಮಾಡದೇ ಇರೋ ಹೊತ್ತಲ್ಲಿ ಅದು ಚೀಲಕ್ಕೆ ಹೋಗಿ ಗಟ್ಟಿ ಆಗ್ತಾ ಕೂತ್ಕೊಳತ್ತೆ, ಎಣ್ಣೆ ತುಪ್ಪ ಒಳಗೆ ಹೋದ ಕೂಡ್ಲೇ ಕರುಳಿಂದ ಒಂದು ಹಾರ್ಮೋನ್ ಹೊರಟು ಚೀಲ ಹಿಂಡತ್ತೆ, ಪಿತ್ತ ಕರುಳಿಗೆ ಬಂದು ಜಿಡ್ಡನ್ನ ಸೋಪಿನ ಥರ ಒಡೆಯತ್ತೆ. ಆ ಸೋಪಿನ ಕೆಲಸ ಮಾಡೋದೇ ಬೈಲ್ ಆಸಿಡ್. ಇಲ್ಲಿ ಒಂದು ಲೆಕ್ಕ ಇದೆ, ಡಬ್ಬಿ ಮಾರೋರು ಯಾರೂ ಹೇಳದೇ ಇರೋದು. ಮೈಯಲ್ಲಿರೋ ಒಟ್ಟು ಬೈಲ್ ಆಸಿಡ್ ಎರಡರಿಂದ ನಾಲ್ಕು ಗ್ರಾಂ ಅಷ್ಟೇ, ಆದ್ರೆ ಅದೇ ಮಾಲು ದಿನಕ್ಕೆ ಆರರಿಂದ ಹತ್ತು ಸಲ ಸುತ್ತತ್ತೆ. ಸಣ್ಣಕರುಳಿನ ಕೊನೆ ಭಾಗ ನೂರಕ್ಕೆ 95ರಷ್ಟು ವಾಪಸ್ ಹೀರಿ ಲಿವರಿಗೆ ಕಳ್ಸತ್ತೆ, ಮಲದಲ್ಲಿ ಹೋಗೋ ಸ್ವಲ್ಪವನ್ನ ಮಾತ್ರ ಲಿವರ್ ಹೊಸದಾಗಿ ಮಾಡತ್ತೆ, ದಿನಕ್ಕೆ ಅರ್ಧ ಗ್ರಾಂ ಆಸುಪಾಸು. ಲಿವರ್ ಸರಿ ಇದ್ದು ಪೈಪ್ ಸರಿ ಇದ್ದವರಿಗೆ ಕರುಳಲ್ಲಿ ದಿನಕ್ಕೆ ಹನ್ನೆರಡರಿಂದ ನಲವತ್ತು ಗ್ರಾಂ ಹರೀತಿರುವಾಗ ಮೇಲಿಂದ ಒಂದು 500 ಮಿಲಿಗ್ರಾಂ ಕ್ಯಾಪ್ಸೂಲು ಹಾಕಿದ್ರೆ ಹೊಳೆಗೆ ಚೊಂಬು ನೀರು ಹುಯ್ದಂಗೆ. ಅದೂ ಅಲ್ದೆ ಹೊರಗಿಂದ ಬಂತು ಅಂತ ಗೊತ್ತಾದ್ರೆ ಲಿವರ್ ತನ್ನ ತಯಾರಿ ಕಮ್ಮಿ ಮಾಡ್ಕೊಳತ್ತೆ, ಅದಕ್ಕೆ ಅಂಥ ಲೆಕ್ಕಪತ್ರ ಇದೆ.

ಹಂಗಾದ್ರೆ ಬೈಲ್ ಆಸಿಡ್ ಔಷಧಿನೇ ಅಲ್ವಾ? ಔಷಧಿನೇ, ಮತ್ತೆ ಒಳ್ಳೇ ಔಷಧಿ. ಆದ್ರೆ ಅದು ಬೇರೆ ಡಬ್ಬಿ. ಉರ್ಸೊಡಿಯಾಕ್ಸಿಕೋಲಿಕ್ ಆಸಿಡ್ ಅಂತ, ಡಾಕ್ಟ್ರು ಯುಡಿಸಿಎ ಅಂತ ಬರೀತಾರೆ, ಉಡಿಲಿವ್, ಉರ್ಸೊಕಾಲ್ ಅಂತ ಸ್ಟ್ರಿಪ್ ನೋಡಿರ್ತೀರಿ. ಹೆಸರಲ್ಲಿರೋ ಉರ್ಸೊ ಅಂದ್ರೆ ಕರಡಿ. 1902ರಲ್ಲಿ ಸ್ವೀಡನ್ನಿನ ಹಮ್ಮರ್‌ಸ್ಟೆನ್ ಹಿಮಕರಡಿ ಪಿತ್ತದಲ್ಲಿ ಇದನ್ನ ಕಂಡಿದ್ದ, 1927ರಲ್ಲಿ ಜಪಾನಿನ ಒಕಯಾಮಾದಲ್ಲಿ ಶೋಡಾ ಅನ್ನೋರು ಕರಡಿ ಪಿತ್ತದಿಂದ ಬೇರ್ಪಡಿಸಿ ಹೆಸರಿಟ್ರು. ಚೀನಾ ಕಡೆ ಕರಡಿ ಪಿತ್ತ ಸಾವಿರ ವರ್ಷಕ್ಕೂ ಹಳೇ ಔಷಧಿ. ಪಿತ್ತಕೋಶದ ಕಲ್ಲು ಕರಗಿಸೋಕೆ ಅಂತ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು ಇದರ ಅಣ್ಣ ಕೀನೋಡಿಯಾಲ್ ಅನ್ನೋ ಇನ್ನೊಂದು ಬೈಲ್ ಆಸಿಡ್ಡಿಗೆ, 1983ರಲ್ಲಿ, ಅದು ಭೇದಿ ಹಿಡಿಸ್ತಿತ್ತು, ಲಿವರಿಗೂ ತೊಂದರೆ ಕೊಡ್ತಿತ್ತು. 1987ರ ಕೊನೆಗೆ ಯುಡಿಸಿಎ ಬಂತು, ಅಣ್ಣ ಮೂಲೆ ಸೇರಿದ.

ಆದ್ರೆ ಯುಡಿಸಿಎ ಕಲ್ಲು ಕರಗಿಸತ್ತೆ ಅನ್ನೋ ಮಾತಿಗೆ ಹಿಂದೆ ಮುಂದೆ ಬಾಲ ಬಹಳ ಇದೆ. ಕೊಲೆಸ್ಟ್ರಾಲಿನ ಕಲ್ಲು ಆಗಿರ್ಬೇಕು. ಸಣ್ಣದಿರ್ಬೇಕು, ಐದು ಮಿಲಿಮೀಟರ್ ಒಳಗಿದ್ರೆ ಒಳ್ಳೇದು, ಹತ್ತು ದಾಟಿದ್ರೆ ಆಸೆ ಬಿಡಿ. ಸುಣ್ಣ ಕಟ್ಟಿರಬಾರದು, ಚೀಲ ಹಿಂಡೋ ಶಕ್ತಿ ಉಳಿಸ್ಕೊಂಡಿರ್ಬೇಕು, ಚೀಲದ ಬಾಯಿ ತೆರೆದಿರ್ಬೇಕು. ಇಷ್ಟೆಲ್ಲ ಸರಿ ಇದ್ರೆ ಕಿಲೋಗೆ 8ರಿಂದ 10 ಮಿಲಿಗ್ರಾಂ ಲೆಕ್ಕದಲ್ಲಿ, ಅಂದ್ರೆ 60 ಕಿಲೋ ಮನುಷ್ಯನಿಗೆ 300ರದ್ದು ದಿನಕ್ಕೆ ಎರಡು, ಆರು ತಿಂಗಳಿಂದ ಎರಡು ವರ್ಷದ ತನಕ. ಕಲ್ಲು ಸವೆಯೋದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಪೂರ್ತಿ ಕರಗಿತು ಅಂತ ಖುಷಿಪಟ್ಟು ಮಾತ್ರೆ ಬಿಟ್ರೆ ಐದು ವರ್ಷದೊಳಗೆ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಮತ್ತೆ ಕಲ್ಲು, ಯಾಕಂದ್ರೆ ಕಲ್ಲು ಮಾಡೋ ಚೀಲ ಅಲ್ಲೇ ಇದೆಯಲ್ಲ.

ಇನ್ನು ಕಲ್ಲಲ್ಲೂ ಜಾತಿ. ಉತ್ತರ ಭಾರತದಲ್ಲಿ ಕೊಲೆಸ್ಟ್ರಾಲ್ ಕಲ್ಲು ಜಾಸ್ತಿ, ನಮ್ಮ ದಕ್ಷಿಣದ ಕಡೆ ಪಿಗ್ಮೆಂಟ್ ಕಲ್ಲು, ಬೆರಕೆ ಕಲ್ಲು ಹೋಲಿಕೆಯಲ್ಲಿ ಹೆಚ್ಚು ಕಂಡಿವೆ. ಪಿಗ್ಮೆಂಟ್ ಕಲ್ಲು ಅಂದ್ರೆ ರಕ್ತಕಣ ಒಡೆದಾಗ ಬರೋ ಬಿಲಿರುಬಿನ್ ಸುಣ್ಣದ ಜೊತೆ ಸೇರಿ ಕಟ್ಟಿದ್ದು, ಕಪ್ಪಗೆ ಕಂದಗೆ ಇರತ್ತೆ, ಅದರ ಮೇಲೆ ಯುಡಿಸಿಎ ಮಾತ್ರೆ ಎರಡಲ್ಲ ಇಪ್ಪತ್ತು ವರ್ಷ ನುಂಗಿದ್ರೂ ಕರಗಲ್ಲ. ಸ್ಕ್ಯಾನಿಂಗಲ್ಲಿ ಕಲ್ಲು ಇದೆ ಅಂತ ಕಾಣತ್ತೆ, ಯಾವ ಜಾತಿ ಅಂತ ಅದು ಖಾತ್ರಿಯಾಗಿ ಹೇಳಲ್ಲ. ನನ್ನ ಅಂಗಡಿಗೆ ಬರೋರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಇದನ್ನ ಯಾರೂ ಹೇಳೇ ಇರಲ್ಲ, ನೆರೆಮನೆಯವರಿಗೆ ಕರಗ್ತಂತೆ ನಮಗೂ ಕರಗತ್ತೆ ಅನ್ನೋದೇ ಲೆಕ್ಕ.

ಯುಡಿಸಿಎ ನಿಜವಾಗಿ ಮೆರೆಯೋ ಜಾಗ ಬೇರೆ. ಪ್ರೈಮರಿ ಬಿಲಿಯರಿ ಕೋಲಾಂಜೈಟಿಸ್ ಅಂತ ಒಂದು ಕಾಯಿಲೆ, ಮಧ್ಯವಯಸ್ಸಿನ ಹೆಂಗಸರಿಗೇ ಜಾಸ್ತಿ, ಲಿವರ್ ಒಳಗಿನ ಸಣ್ಣ ಸಣ್ಣ ಪಿತ್ತದ ಕೊಳವೆಗಳನ್ನ ಮೈಯೇ ತಿಂದು ಹಾಕತ್ತೆ, ತಿಂಗಳುಗಟ್ಟಲೆ ಸುಸ್ತು, ಮೈ ಕೆರೆತ. ಅದಕ್ಕೆ ಕಿಲೋಗೆ 13ರಿಂದ 15 ಮಿಲಿಗ್ರಾಂ, ಜೀವನಪರ್ಯಂತ, ಮತ್ತೆ ಅದು ಕೆಲಸ ಮಾಡತ್ತೆ. ತೂಕ ಇಳಿಸೋ ಆಪರೇಷನ್ ಆದವರಿಗೆ ಆರು ತಿಂಗಳು ಕೊಟ್ರೆ ಹೊಸ ಕಲ್ಲು ಆಗೋದು ಕಮ್ಮಿ ಆಗತ್ತೆ. ಹಂಗಂತ ಜಾಸ್ತಿ ತಗೊಂಡ್ರೆ ಜಾಸ್ತಿ ಒಳ್ಳೇದು ಅಲ್ಲ, ಆ ಕೋಲಾಂಜೈಟಿಸ್ಸಿನ ಅಕ್ಕಪಕ್ಕದ ಇನ್ನೊಂದು ಪಿತ್ತದ ಕೊಳವೆ ಕಾಯಿಲೆಗೆ ಕಿಲೋಗೆ 28-30 ಮಿಲಿಗ್ರಾಂ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2009ರಲ್ಲಿ ಬಂತು, ರಕ್ತಪರೀಕ್ಷೆ ಚಂದ ಕಂಡ್ರೂ ಮಾತ್ರೆ ತಗೊಂಡವರ ಪರಿಸ್ಥಿತಿ ತಗೊಳ್ಳದವರಿಗಿಂತ ಕೆಟ್ಟಿತ್ತು. ರಿಪೋರ್ಟ್ ಸರಿ ಆಯ್ತು ಅಂದ್ರೆ ಮನುಷ್ಯ ಸರಿ ಆದ ಅಂತಲ್ಲ. ಬಸುರಿಯರಿಗೆ ಕೊನೆ ತಿಂಗಳಲ್ಲಿ ಅಂಗೈ ಅಂಗಾಲು ಕೆರೆಯೋ ಪಿತ್ತದ ತೊಂದರೆಗೂ ಇದನ್ನ ಬರೀತಾರೆ, ಬ್ರಿಟನ್ನಿನಲ್ಲಿ 605 ಹೆಂಗಸರ ಮೇಲೆ ನಡೆದು 2019ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ ಮಗುವಿನ ಅಪಾಯ ಅದರಿಂದ ಕಮ್ಮಿ ಆಗಿರಲಿಲ್ಲ. ಆ ಕೆರೆತ ಬಂದ್ರೆ ಮಾತ್ರೆಗಿಂತ ಮುಂಚೆ ಡಾಕ್ಟ್ರ ಹತ್ರ ಹೋಗ್ಬೇಕು.

ಈಗ ಆಪರೇಷನ್ ಆದವರ ಕಥೆ, ಬೈಲ್ ಡಬ್ಬಿ ಹೆಚ್ಚು ಮಾರಾಟ ಆಗೋದೇ ಇವರಿಗೆ. ಗಾಲ್‌ಬ್ಲಾಡರ್ ತೆಗೆಸಿದ್ರೆ ಪಿತ್ತವೇ ಇರಲ್ಲ, ಅದಕ್ಕೆ ಹೊರಗಿಂದ ತಗೋಬೇಕು ಅಂತ ವಿಡಿಯೋದಲ್ಲಿ ಹೇಳ್ತಾರೆ. ತೋಟದವರಿಗೆ ಅರ್ಥ ಆಗೋ ಥರ ಹೇಳ್ಬೇಕು ಅಂದ್ರೆ, ಮೇಲಿನ ಅಬ್ಬಿಯಿಂದ ನೀರು ಬರ್ತಾ ಇದೆ, ಮಧ್ಯ ಒಂದು ಟ್ಯಾಂಕ್ ಇತ್ತು, ಟ್ಯಾಂಕ್ ತೆಗೆದ್ರು, ಪೈಪ್ ನೇರ ಜೋಡಿಸಿದ್ರು. ನೀರು ನಿಂತಿಲ್ಲ, ಬೇಕಾದಾಗ ಒಮ್ಮೆಲೇ ಬಿಡೋ ಅನುಕೂಲ ಹೋಯ್ತು ಅಷ್ಟೇ, ಈಗ ಇಡೀ ದಿನ ತೊಟ್ಟು ತೊಟ್ಟಾಗಿ ಬೀಳ್ತಿರತ್ತೆ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ಒಗ್ಗಿ ಹೋಗತ್ತೆ. ಹತ್ತರಲ್ಲಿ ಒಬ್ಬರಿಗೋ ಏನೋ ಭೇದಿ ನಿಲ್ಲಲ್ಲ, ಊಟ ಆದ ಕೂಡ್ಲೇ ಓಡ್ಬೇಕು. ಇದು ಪಿತ್ತ ಕಮ್ಮಿ ಆಗಿ ಬಂದಿದ್ದಲ್ಲ, ಪಿತ್ತ ದೊಡ್ಡಕರುಳಿಗೆ ಜಾಸ್ತಿ ಇಳಿದು ಬಂದಿದ್ದು! ಇದಕ್ಕೆ ಡಾಕ್ಟ್ರು ಕೊಡೋದು ಕೊಲೆಸ್ಟೈರಮಿನ್ ಪುಡಿ, ಅದರ ಕೆಲಸ ಬೈಲ್ ಆಸಿಡ್ಡನ್ನ ಕಟ್ಟಿ ಹೊರಗೆ ಹಾಕೋದು. ಅಂಥವರು ಎತ್ತಿನ ಪಿತ್ತ ನುಂಗಿದ್ರೆ ಉರಿಯೋ ಬೆಂಕಿಗೆ ತುಪ್ಪ. ನಮ್ಮ ಅಂಗಡಿಗೆ ಬರೋ ಒಬ್ಬರು ರಿಟೈರ್ಡ್ ಮಾಸ್ತರು ಆಪರೇಷನ್ ಆಗಿ ನಾಲ್ಕು ತಿಂಗಳು ಇದನ್ನೇ ಮಾಡ್ತಿದ್ರು, ಒಂದು ಕೈಯಲ್ಲಿ ಬೈಲ್ ಡಬ್ಬಿ, ಇನ್ನೊಂದು ಕೈಯಲ್ಲಿ ಭೇದಿ ನಿಲ್ಲೋ ಮಾತ್ರೆ, ಭಜನೆಗೆ ಹೋಗೋದನ್ನೂ ಬಿಟ್ಟಿದ್ರು. ಡಬ್ಬಿ ಬಿಡ್ಸಿ ಡಾಕ್ಟ್ರ ಹತ್ರ ಕಳ್ಸಿದ ಮೇಲೆ ಈಗ ಭಜನೆಗೆ ಹೋಗ್ತಿದಾರೆ.

ಹೊರಗಿಂದ ಬೈಲ್ ಆಸಿಡ್ ನಿಜವಾಗಿ ಬೇಕಾದವರು ಯಾರೂ ಇಲ್ಲ ಅಂತಲ್ಲ. ಹುಟ್ಟಿನಿಂದಲೇ ಲಿವರಿಗೆ ಬೈಲ್ ಆಸಿಡ್ ಮಾಡೋಕೆ ಬರದ ಅಪರೂಪದ ಮಕ್ಕಳಿದಾರೆ, ಅವರಿಗೆ ಕೋಲಿಕ್ ಆಸಿಡ್ ಕೊಟ್ರೆ ಬದುಕ್ತಾರೆ, ಅಮೆರಿಕದಲ್ಲಿ ಅದಕ್ಕೆ 2015ರಲ್ಲಿ ಒಪ್ಪಿಗೆ ಸಿಕ್ತು. ಸಣ್ಣಕರುಳಿನ ಕೊನೆ ಭಾಗ ಉದ್ದಕ್ಕೆ ಕತ್ತರಿಸಿ ತೆಗೆದವರಲ್ಲಿ ವಾಪಸ್ ಹೀರೋದೇ ನಿಂತು ಒಟ್ಟು ಮಾಲೇ ಖಾಲಿ ಆಗತ್ತೆ, ಅವರ ಲೆಕ್ಕ ಬೇರೆ. ಇವರ್ಯಾರೂ ನೆಟ್ಟಲ್ಲಿ ಡಬ್ಬಿ ಹುಡುಕಿ ತಗೊಳ್ಳೋರಲ್ಲ.

ಜಿಮ್ ಹುಡುಗರದ್ದು ಇನ್ನೊಂದು. ಟಡ್ಕಾ ಅಂತ ಕೇಳ್ತಾರೆ, ಮೊದಲ ಸಲ ನಾನು ದಾಲ್ ತಡ್ಕಾ ಅಂದ್ಕೊಂಡೆ. ಯುಡಿಸಿಎಗೇ ಟಾರಿನ್ ಅನ್ನೋ ವಸ್ತು ಜೋಡಿಸಿದ್ದು ಅದು, ಡಬ್ಬಿ ಮೇಲೆ ಟಿಯುಡಿಸಿಎ ಅಂತಿರತ್ತೆ, ಸ್ಟೆರಾಯ್ಡ್ ತಗೊಳ್ಳುವಾಗ ಲಿವರ್ ಕಾಪಾಡತ್ತೆ ಅಂತ ಅವರ ಗುರುಗಳು ಹೇಳಿರ್ತಾರೆ. ಸ್ಟೆರಾಯ್ಡ್ ಬಿಟ್ರೆ ಲಿವರ್ ಇನ್ನೂ ಚೆನ್ನಾಗಿ ಕಾಪಾಡ್ಕೊಳತ್ತೆ ಅಂದ್ರೆ ನಗ್ತಾರೆ. ಇದೇ ಟಡ್ಕಾ ಸೇರಿಸಿದ ಒಂದು ಔಷಧಿ ಎಎಲ್‌ಎಸ್ ಅನ್ನೋ ನರದ ಕಾಯಿಲೆಗೆ ಅಂತ ಅಮೆರಿಕದಲ್ಲಿ 2022ರಲ್ಲಿ ಬಂದು, ದೊಡ್ಡ ಪ್ರಯೋಗದಲ್ಲಿ ಫೇಲ್ ಆಗಿ 2024ರಲ್ಲಿ ಕಂಪನಿಯವರೇ ವಾಪಸ್ ತಗೊಂಡ್ರು.

ಮತ್ತೆ ಆ ವಾಟ್ಸಾಪ್ ಮೆಸೇಜು, ರಾತ್ರಿ ಆಲಿವ್ ಎಣ್ಣೆ, ನಿಂಬೆರಸ, ಎಪ್ಸಮ್ ಉಪ್ಪು ಕುಡಿದ್ರೆ ಬೆಳಗ್ಗೆ ಹಸಿರು ಕಲ್ಲು ಮಲದಲ್ಲಿ ಉದುರತ್ತೆ ಅಂತ, ಫೋಟೋ ಸಮೇತ ಬರತ್ತೆ. ಹಸಿರು ಉಂಡೆ ಬರೋದು ಸುಳ್ಳಲ್ಲ. ಅದು ಕಲ್ಲಲ್ಲ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಥದ್ದೇ ಒಬ್ಬ ಹೆಂಗಸಿನ ಉಂಡೆ ಪರೀಕ್ಷೆ ಮಾಡಿದ್ದು ಬಂದಿತ್ತು, 40 ಡಿಗ್ರಿಗೆ ಇಟ್ರೆ ಕರಗಿ ಎಣ್ಣೆ ಆಯ್ತು, ಕೊಲೆಸ್ಟ್ರಾಲೂ ಇಲ್ಲ ಬಿಲಿರುಬಿನ್ನೂ ಇಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಾಗಿ ಬಂದಿತ್ತು. ಕಲ್ಲಿದ್ದವರು ಒಮ್ಮೆಲೇ ಅಷ್ಟು ಎಣ್ಣೆ ಕುಡಿದ್ರೆ ಚೀಲ ಜೋರಾಗಿ ಹಿಂಡಿ ಕಲ್ಲು ಹೋಗಿ ಕೊಳವೆಯಲ್ಲಿ ಸಿಕ್ಕಿ ಹಾಕ್ಕೊಳ್ಳೋ ಅಪಾಯ ಬೇರೆ. ಹಸಿ ಪಿತ್ತ ನುಂಗೋ ಹುಚ್ಚೂ ಕೆಲವು ಕಡೆ ಇದೆ, ಡ್ಯಾಮಿನ ರೋಹು, ಕಾಟ್ಲಾ ಮೀನಿನ ಪಿತ್ತದ ಚೀಲ ಕಣ್ಣಿಗೆ ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ. ಆ ಜಾತಿ ಮೀನಿನ ಪಿತ್ತ ನುಂಗಿ ಕಿಡ್ನಿ ಫೇಲಾಗಿ ಡಯಾಲಿಸಿಸ್ಸಿಗೆ ಹೋದವರ ಕೇಸು ನಮ್ಮ ದೇಶದಲ್ಲೇ ದಾಖಲಾಗಿವೆ.

ಅತ್ತೆ ವಿಷಯಕ್ಕೆ ಬರ್ತೀನಿ. ಎತ್ತಿನದ್ದು ಅಂತ ಕೊನೆಗೂ ಹೇಳಿದೆ. "ಅಯ್ಯೋ ರಾಮಾ" ಅಂತ ಡಬ್ಬಿನ ಎರಡು ಬೆರಳಲ್ಲಿ ಹಿಡಿದು ಹಿತ್ತಲ ಕಟ್ಟೆ ಮೇಲಿಟ್ಟು ಬಂದ್ರು, ಕೈ ತೊಳೆದ್ರು, ಮಗನಿಗೆ ಫೋನ್ ಮಾಡಿ ಬೈದ್ರು, ಅವನಿಗೂ ಗೊತ್ತಿರಲಿಲ್ಲ ಪಾಪ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಮಾಂಸಾಹಾರಿ ಅಂದ್ರೆ ಕಂದು ಚೌಕದೊಳಗೆ ಕಂದು ತ್ರಿಕೋನ ಇರ್ಬೇಕು, ಈ ಡಬ್ಬಿ ಮೇಲೆ ಹುಡುಕಿದ್ರೂ ಇರಲಿಲ್ಲ. ಹಂಗಂತ ಯುಡಿಸಿಎ ಶುದ್ಧ ಸಸ್ಯಾಹಾರಿ ಅಂತ ಹೇಳೋಕೂ ನನ್ನ ಬಾಯಿ ಬರಲ್ಲ, ಕರಡಿ ಬಿಟ್ಟು ಎಷ್ಟೋ ವರ್ಷ ಆಯ್ತು ನಿಜ, ಆದ್ರೆ ಅದರ ಕಚ್ಚಾ ಮಾಲು ಹೆಚ್ಚಾಗಿ ಕಸಾಯಿಖಾನೆಯ ದನದ ಪಿತ್ತದ ಕೋಲಿಕ್ ಆಸಿಡ್ಡೇ, ಫ್ಯಾಕ್ಟರಿಯಲ್ಲಿ ರೂಪ ಬದಲಾಗತ್ತೆ. ಔಷಧಿ ಸ್ಟ್ರಿಪ್ ಮೇಲೆ ಹಸಿರು ಕಂದು ಗುರುತು ಹಾಕ್ಲೇಬೇಕು ಅಂತಿಲ್ಲ. ಕೇಳಿದವರಿಗೆ ಹೇಳ್ತೀನಿ, ಕಾಯಿಲೆಗೆ ಬೇಕು ಅಂತ ಡಾಕ್ಟ್ರು ಬರೆದಿದ್ರೆ ತಗೊಳ್ಳಿ ಅಂತಲೂ ಹೇಳ್ತೀನಿ. ಅಂದ ಹಾಗೆ ನಮ್ಮ ಹಿರಿಯರು ಹಣೆಗೆ ಹಚ್ತಿದ್ದ, ಗುಳಿಗೆಗೆ ಹಾಕ್ತಿದ್ದ ಗೋರೋಚನ ಎಲ್ಲಿಂದ ಬರತ್ತೆ ಗೊತ್ತಾ? ದನದ ಪಿತ್ತಕೋಶದ ಕಲ್ಲು ಅದು. ಇದನ್ನ ಅತ್ತೆಗೆ ಹೇಳಿಲ್ಲ, ಒಂದು ದಿನಕ್ಕೆ ಒಂದೇ ಸಾಕು.

ಆದ್ರೆ ನನಗೆ ತಲೆಬಿಸಿ ಆಗಿದ್ದು ಎತ್ತಿನದ್ದೋ ಎಮ್ಮೆದೋ ಅಂತಲ್ಲ, ಆ ಎರಡು ತಿಂಗಳು. ಬಲಪಕ್ಕೆ ಕೆಳಗಿನ ನೋವು, ಬೆನ್ನಿನ ಬಲ ಹೆಗಲ ಮೂಳೆ ತನಕ ಹೋಗೋದು, ಮದುವೆಮನೆ ಊಟ ಆಗಿ ಮೂರ್ನಾಲ್ಕು ತಾಸಿಗೆ ಮಧ್ಯರಾತ್ರಿ ಎದ್ದು ಕೂರ್ಸೋದು, ಇಷ್ಟನ್ನ ಕೇಳಿದ್ರೆ ಸಾಕು ಒಂದು ಹೊಟ್ಟೆ ಸ್ಕ್ಯಾನಿಂಗ್ ಮಾಡ್ಸಬೇಕು ಅಂತ ಯಾರಾದ್ರೂ ಹೇಳ್ತಾರೆ. ಅದನ್ನ ಮಾಡದೆ ಮೊದಲು ಗ್ಯಾಸ್ ಮಾತ್ರೆ ಆರು ತಿಂಗಳು, ಆಮೇಲೆ ಕಷಾಯ, ಆಮೇಲೆ ಡಬ್ಬಿ. ಕಲ್ಲು ಇದ್ದವರೆಲ್ಲ ಹೆದರಬೇಕು ಅಂತಲ್ಲ, ಏನೂ ತೊಂದರೆ ಕೊಡದೆ ಸುಮ್ನೆ ಕೂತ ಕಲ್ಲುಗಳಲ್ಲಿ ವರ್ಷಕ್ಕೆ 100ರಲ್ಲಿ 1ರಿಂದ 4 ಮಾತ್ರ ಗಲಾಟೆ ಶುರು ಮಾಡ್ತವೆ, ಅವುಗಳನ್ನ ಡಾಕ್ಟ್ರೂ ಹೆಚ್ಚಾಗಿ ಮುಟ್ಟಲ್ಲ. ಒಮ್ಮೆ ನೋವು ಶುರು ಆದ್ಮೇಲೆ ಲೆಕ್ಕ ಬೇರೆ. ಕಲ್ಲು ಜಾರಿ ಮುಖ್ಯ ಕೊಳವೆಗೆ ಬಿದ್ರೆ ಕಣ್ಣು ಹಳದಿ, ಮೂತ್ರ ಚಹಾದ ಬಣ್ಣ, ಮಲ ಜೇಡಿಮಣ್ಣಿನ ಬಣ್ಣ, ಅದರ ಮೇಲೆ ನಡುಕದ ಜ್ವರ ಬಂತು ಅಂದ್ರೆ ತಾಸುಗಳ ಲೆಕ್ಕ. ತೋಟದ ಸ್ಪ್ರಿಂಕ್ಲರಿನ ಜೆಟ್ಟಲ್ಲಿ ಹರಳು ಸಿಕ್ಕಿದಾಗ ಮೋಟರ್ ಜೋರು ಮಾಡಿದ್ರೆ ಪೈಪ್ ಒಡೆಯತ್ತೆ ಹೊರತು ಹರಳು ಹೋಗಲ್ಲ, ಹಂಗೇ ಪಿತ್ತ ಹರಿಸೋ ಮಾತ್ರೆ ಅಂತ ಆಗ ಏನು ನುಂಗಿದ್ರೂ ಕಟ್ಟಿದ್ದು ಬಿಡಲ್ಲ, ಬಾಯಿಂದ ನಳಿಗೆ ಇಳಿಸಿ ಕಲ್ಲು ತೆಗೆಯೋ ಇಆರ್‌ಸಿಪಿಯೇ ಬೇಕು.

ಅದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಓಡೋದು ಮಣಿಪಾಲಕ್ಕೆ, ಹುಬ್ಬಳ್ಳಿಗೆ, ಕಾರವಾರದವರಾದ್ರೆ ಗೋವಾದ ಬಾಂಬೋಳಿ ಆಸ್ಪತ್ರೆಗೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿ ಕರ್ಕೊಂಡು ಹೋಗ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲಲ್ಲಿ ಮಗುಚಿ ನಾಲ್ಕು ಜನ ಹೋದ್ರು, ಆಮೇಲೆ ನಮ್ಮ ಜಿಲ್ಲೆಗೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಲ್ಲರ ಸ್ಟೇಟಸ್ಸಲ್ಲೂ ಅದೇ. 2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್, ಅದಾಗಿ ಮೂರು ವಾರಕ್ಕೆ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಬೆಂಗಳೂರಲ್ಲಿ ಕೂತು ಎರಡು ತಿಂಗಳು ನೋಡೋಣ ಅನ್ನೋದಕ್ಕೂ ಮಳೆಗಾಲದಲ್ಲಿ ಶಿರಸಿಯ ಒಳಗಿನ ಹಳ್ಳಿಯಲ್ಲಿ ಕೂತು ಎರಡು ತಿಂಗಳು ನೋಡೋಣ ಅನ್ನೋದಕ್ಕೂ ವ್ಯತ್ಯಾಸ ಇದೆ.

ಮರುದಿನವೇ ಅತ್ತೆಗೆ ಸ್ಕ್ಯಾನಿಂಗ್ ಆಯ್ತು. ಕಲ್ಲು ಮೂರು, ದೊಡ್ಡದು 14 ಮಿಲಿಮೀಟರ್, ಚೀಲದ ಗೋಡೆ ದಪ್ಪ ಆಗಿದೆ, ಕೊಳವೆ ಸದ್ಯಕ್ಕೆ ಖಾಲಿ. "ಕರಗೋ ಮಾತ್ರೆ ಕೊಡ್ತ್ರನ" ಅಂತ ಅತ್ತೆ ಕೇಳಿದ್ರು. ಸರ್ಜನ್ ರಿಪೋರ್ಟ್ ಮಡಚಿ ಕೊಟ್ಟು, ಈ ಅಳತೆಗೆ ಮಾತ್ರೆ ಇಲ್ಲ ಅಮ್ಮಾ, ತೂತು ಹಾಕಿ ತೆಗೆಯೋದೇ, ಎರಡು ದಿನ ಇದ್ದು ಮನೆಗೆ ಹೋಗ್ಬಹುದು ಅಂದ್ರು. ಕೊನೆಕೊಯ್ಲು ಮುಗೀಲಿ, ಅಡಿಕೆ ಒಣಗ್ಲಿ, ಆಮೇಲೆ ನೋಡನ ಅಂತ ಅತ್ತೆ ರಾಗ ಎಳೆದ್ರು. ಎಷ್ಟು ದಿನ ಬೇಕಾದ್ರೂ ಒಣಗಿಸ್ಕೊಳ್ಳಿ, ಮಳೆ ಹಿಡಿಯೋದ್ರೊಳಗೆ ಬನ್ನಿ ಅಂದ್ರು ಅವರು.